ಚಲೋ ಎಮ್ಮೆಯನ್ನು ಯಾಕೆ ಮಾರುತ್ತಾರೆ

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ನಾನು ಹುಟ್ಟಿದ್ದು ಎಂದು ಅಂತ ಯಾರೂ ಬರೆದಿಟ್ಟಿಲ್ಲ. ಆಧಾರ್ ಕಾರ್ಡಿನವರು ಬರೆದ ವಯಸ್ಸನ್ನೇ ನಾನೂ ಒಪ್ಪಿಕೊಂಡಿದ್ದೇನೆ.

ಶಿಗ್ಗಾಂವದಲ್ಲಿ ನಾನು ಮನೆಮನೆಗೆ ಹಾಲು ಹಾಕುತ್ತಿದ್ದೆ. ಒಂದೇ ಎಮ್ಮೆ. ಆರೇಳು ಮನೆ, ಹೈವೇ ಕಡೆಗಿನ ಒಂದು ಚಹಾದಂಗಡಿ, ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು. ಅಷ್ಟರಲ್ಲಿ ಹೊಟ್ಟೆ ನಡೆಯುತ್ತಿತ್ತು, ಯಾರ ಮುಂದೂ ಕೈ ಚಾಚುವ ಕೆಲಸವಿರಲಿಲ್ಲ. ಆ ವರ್ಷ ಎಮ್ಮೆ ಬತ್ತಿತು, ಗಬ್ಬವೂ ನಿಲ್ಲಲಿಲ್ಲ. ಗೊಟಗೋಡಿಯಲ್ಲಿ ನನ್ನ ನಾದಿನಿಯ ಹೊಲವಿದೆ, ಅಲ್ಲಿಗೆ ಮೇಯಲು ಬಿಟ್ಟು ಬಂದೆ. ಇತ್ತ ನನ್ನ ಗಿರಾಕಿಗಳು ಪಾಕೀಟು ಹಾಲು ತರಿಸತೊಡಗಿದರು. ಮೊದಮೊದಲು "ನಿಮ್ಮ ಹಾಲಿನ ರುಚಿ ಇದಕ್ಕಿಲ್ರಿ" ಎನ್ನುತ್ತಿದ್ದರು. ಆಮೇಲೆ ಅದನ್ನು ಅನ್ನುವುದನ್ನೂ ಬಿಟ್ಟರು. ಮಾಸ್ತರರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು, "ಪಾಕೀಟ ಚಲೋ ಐತ್ರಿ. ನಿಮ್ಮ ಎಮ್ಮಿಯಂಗ ರಜಾ ಹಾಕಂಗಿಲ್ಲ."

ಚಹಾದಂಗಡಿಯವನು ಒಬ್ಬನೇ ತಡೆದಿದ್ದ. ಅವನೂ ಒಂದು ದಿನ, "ಅವ್ವಾ, ಅಮಾಸಿತನಕ ನಿಮ್ಮ ದಾರಿ ನೋಡ್ತೇನಿ. ಆಮ್ಯಾಲ ಡೇರಿಯವ್ರಿಗೆ ಕಾಯಂ ಹೇಳಿಬಿಡ್ತೇನಿ" ಅಂದ. ತಪ್ಪಲ್ಲ, ಅವನೂ ಅಂಗಡಿ ನಡೆಸಬೇಕು. ನಾನು ಕೂಡಿಟ್ಟ ರೊಕ್ಕ ಒಂದು ಎಮ್ಮೆಗೆ ಸಾಕಾಗುತ್ತಿತ್ತು. ಕೆಟ್ಟ ಎಮ್ಮೆ ತಂದು ಮೋಸ ಹೋದರೆ ಇನ್ನೊಂದನ್ನು ತರಲು ಸಾಕಾಗುತ್ತಿರಲಿಲ್ಲ. ಹಾಗೇನಾದರೂ ಆದರೆ ನನ್ನ ಹಾಲಿನ ಕ್ಯಾನಿನಲ್ಲಿ ಜೋಳ ತುಂಬಿಡುವುದೇ ಸೈ.

ಮನೆಯಲ್ಲಿ ನನ್ನ ಜೊತೆ ಮಗಳ ಮಗಳು ಇದ್ದಳು. ಅವಳ ಊರಿಗೆ ಸಂಜೆಯ ಬಸ್ಸಿಲ್ಲ, ಹಾಗಾಗಿ ನನ್ನಲ್ಲಿದ್ದುಕೊಂಡೇ ಇಲ್ಲಿನ ಕಾಲೇಜಿಗೆ ಹೋಗುತ್ತಿದ್ದಳು. ಬಿ.ಎ. ಮೊದಲ ವರ್ಷ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅವೆರಡರ ಜೊತೆಗೆ ಸೂಕ್ಷ್ಮ ಅರ್ಥಶಾಸ್ತ್ರ ಅಂತ ಒಂದು. ಆ ಹುಡುಗಿಗೆ ಬಾಯಿಬಿಟ್ಟು ಓದದಿದ್ದರೆ ತಲೆಗೆ ಹೋಗುವುದಿಲ್ಲ. ನಾನು ರೊಟ್ಟಿ ಬಡಿಯುವಾಗ ಅವಳು ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ, ಆದರೆ ಕಿವಿ ಚೆನ್ನಾಗಿವೆ. ಬೇಡಿಕೆ, ಪೂರೈಕೆ, ಬದಲಿ ಸರಕು. ಬದಲಿ ಸರಕು ಅಂದರೇನು ಅಂತ ಕೇಳಿದೆ.

"ಒಂದರ ಜಾಗಾಕ್ಕ ಇನ್ನೊಂದು ಕುಂದ್ರೂದು ಆಯಿ. ನಿನ್ನ ಹಾಲಿನ ಜಾಗಾಕ್ಕ ಪಾಕೀಟ ಕುಂತೈತಲ್ಲ, ಅದು."

"ಅದಕ್ಕ ಪುಸ್ತಕದಾಗ ಹೆಸರ ಬ್ಯಾರೆ ಇಟ್ಟಾರಾ?" ಅಂದೆ. ನನ್ನ ತಾಪತ್ರಯಕ್ಕೂ ಒಂದು ಹೆಸರಿದೆ ಎಂದು ತಿಳಿದು ಒಂಥರಾ ಅನಿಸಿತು. ಅವತ್ತಿನಿಂದ ನಾನು ಕಿವಿಗೊಟ್ಟು ಕೇಳತೊಡಗಿದೆ.

ಒಂದು ಸಂಜೆ ಅವಳು ಪರಿಪೂರ್ಣ ಪೈಪೋಟಿ ಅಂತ ಓದಿದಳು. ಆ ಪೇಟೆಯಲ್ಲಿ ಎಲ್ಲರ ಮಾಲೂ ಒಂದೇ ನಮೂನೆಯಂತೆ. ಮಾಲು ಹೇಗಿದೆ, ದರ ಎಷ್ಟು, ಎಲ್ಲವೂ ಎಲ್ಲರಿಗೂ ಗೊತ್ತಂತೆ. ಯಾರೊಬ್ಬರ ಕೈಯಲ್ಲೂ ದರ ಇಲ್ಲವಂತೆ.

"ಅಂಥ ಸಂತಿ ಯಾವ ಊರಾಗ ಐತಿ? ಸವಣೂರಾಗೋ, ಹಿರೇಕೆರೂರಾಗೋ?"

"ಎಲ್ಲೂ ಇಲ್ಲ ಬೇ. ಐತಿ ಅಂತ ಅನ್ಕೋಬೇಕು."

"ಇಲ್ಲದ್ದನ್ನ ಯಾಕ ಓದತಿ?"

ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಗೌಂಡಿ ಗೋಡಿ ಕಟ್ಟುವಾಗ ಗುಂಡು ಕಟ್ಟಿದ ದಾರ ಇಳಿಬಿಡ್ತಾನಲ್ಲ? ದಾರದಷ್ಟ ನೆಟ್ಟಗಿರೂ ಗೋಡಿ ಯಾವುದೂ ಇಲ್ಲ. ಆದ್ರ ದಾರ ಇದ್ರನ ಗೋಡಿ ಎಷ್ಟ ಸೊಟ್ಟ ಐತಿ ಅಂತ ತಿಳೀತೈತಿ."

ಈ ಮಾತು ನನಗೆ ಹಿಡಿಸಿತು. ನಮ್ಮ ಮನೆಯ ಗೋಡೆ ನೋಡಿದೆ. ಸೊಟ್ಟವೇ ಇತ್ತು.

ಹಾಗಾದರೆ ನನ್ನದೂ ಒಂದು ಪ್ರಶ್ನೆ ಇದೆ, ನಿನ್ನ ಪುಸ್ತಕವನ್ನು ಕೇಳು ಅಂದೆ. ಚಲೋ ಎಮ್ಮೆಯನ್ನು ಯಾರಾದರೂ ಯಾಕೆ ಮಾರುತ್ತಾರೆ? ಹಿಂಡುವ ಎಮ್ಮೆ, ಒದೆಯುವುದಿಲ್ಲ, ಹೊಟ್ಟೆ ತುಂಬ ಹಾಲು ಕೊಡುತ್ತದೆ ಅಂದಮೇಲೆ ಅದನ್ನು ಹಗ್ಗ ಹಿಡಿದು ಸಂತೆಗೆ ಎಳೆದು ತರುವ ಹುಚ್ಚರು ಯಾರು? ಹಾಗಾದರೆ ಸಂತೆಗೆ ಬಂದವೆಲ್ಲ ಏನೋ ಒಂದು ಐಬು ಇದ್ದವೇ ಇರಬೇಕು.

ಹುಡುಗಿ ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ಮರುದಿನ ಕಾಲೇಜಿನಲ್ಲಿ ಕೇಳಿಕೊಂಡು ಬಂದಳು. ಮುಖ ಅರಳಿತ್ತು. "ಆಯಿ, ನೀ ಕೇಳಿದ್ದು ದೊಡ್ಡ ಪ್ರಶ್ನಿ ಅಂತ. ಮಾರೋರಿಗೆ ಎಮ್ಮಿ ಐಬು ಗೊತ್ತಿರ್ತೈತಿ, ಕೊಳ್ಳೋರಿಗೆ ಗೊತ್ತಿರಂಗಿಲ್ಲ. ಹಂಗಾಗಿ ಕೊಳ್ಳೋರು ಹೆದರಿ ಎಲ್ಲಾದಕ್ಕೂ ಕಡಿಮಿ ಕೇಳ್ತಾರ. ಕಡಿಮಿ ಕೇಳಿದ್ರ ಚಲೋ ಎಮ್ಮಿ ಇದ್ದೋರು ಮನ್ಯಾಗ ಕಟ್ಗೊಂಡು ಕುಂದರ್ತಾರ. ಕಡೀಕ ಸಂತ್ಯಾಗ ಉಳಿಯೂವು ಬರೇ ಐಬಿನವು!"

ಅವಳಿಗೆ ಸಂತೋಷ. ನನಗೆ ಸಂತೆಯ ಚಿಂತೆ. "ಹಂಗಾದ್ರ ನಾ ಏನ್ ತರ್ಲಿ, ಆಡು ತರ್ಲ್ಯಾ?"

ಅಮಾವಾಸ್ಯೆ ಹತ್ತಿರ ಬಂದಿತ್ತು. ಹಾನಗಲ್ಲಿನ ಸಂತೆಯ ದಿನ ಬಂಕಾಪುರದ ಮೇಲೆ ಹಾಯುವ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟಿಲ್ಲ ಅಂದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವೂ ಇಲ್ಲ. "ಪುಕ್ಕಟೆ ಅಂದ್ರ ಬೇಡಿಕೆ ಹೆಂಗ ಏರತೈತಿ ನೋಡ" ಅಂತ ಹುಡುಗಿ ನಕ್ಕಳು. ನಿಂತು ನಿಂತು ನನ್ನ ಮೊಣಕಾಲು ಬಾತಿತ್ತು. "ನನ್ನ ಕಾಲಿಗೆ ಪುಕ್ಕಟೆ ಆಗಲಿಲ್ಲ" ಅಂದೆ. ಅದನ್ನೂ ಅವಳು ತಲೆಯಲ್ಲಿಟ್ಟುಕೊಂಡಳು.

ದನದ ಸಂತೆಯಲ್ಲಿ ಗಂಡಸರದೇ ಕಾರುಬಾರು. ಅಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ಟವೆಲ್ ತೆಗೆದು ಎರಡು ಕೈಗಳ ಮೇಲೆ ಹಾಸುತ್ತಾನೆ. ಒಳಗೆ ಬೆರಳು ಹಿಡಿದು ದರ ಕೇಳುವುದು, ಬೆರಳು ಹಿಡಿದು ಹೇಳುವುದು. ಮೇಲೆ ಮಾತ್ರ ಮಳೆ ಬೆಳೆ ಮಾತಾಡುತ್ತಿರುತ್ತಾರೆ. ಸಣ್ಣಂದಿನಿಂದ ನಾನು ಅದನ್ನು ದೂರದಿಂದ ನೋಡಿದ್ದೆ. ಟವೆಲಿನ ಕೆಳಗೆ ಏನಿದೆ ಅಂತ ಮಾತ್ರ ತಿಳಿದಿರಲಿಲ್ಲ. ಹುಡುಗಿ ಹೇಳಿದಳು, "ಇದನ್ನ ಮುಚ್ಚಿಡಬಾರದು. ದರ ಎಲ್ಲಾರಿಗೂ ಗೊತ್ತಾದ್ರನ ಸಂತಿ ಚಲೋ ನಡೀತೈತಿ." ನನಗೂ ಹೌದೆನಿಸಿತು.

ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ಎಮ್ಮೆ ಹಿಡಿದು ನಿಂತಿದ್ದಳು. ನಲವತ್ತರ ಆಸುಪಾಸು, ಮೈಕೈ ಗಟ್ಟಿ, ಪಾದ ಒಡೆದಿದ್ದವು. ಮಾಸೂರು ಕಡೆಯಿಂದ ಟೆಂಪೋದಲ್ಲಿ ತಂದಿದ್ದಳು. ನಾನು ಎಮ್ಮೆಯ ಹಲ್ಲು ನೋಡಿದೆ, ನಾಲ್ಕೂ ಮೊಲೆ ಮುಟ್ಟಿ ನೋಡಿದೆ. ಕರು ಸಣ್ಣದಿತ್ತು. ಬೇರೆಯವರ ಕರು ತಂದು ನಿಲ್ಲಿಸುವವರೂ ಇದ್ದಾರೆ, ಆದರೆ ಇದನ್ನು ಎಮ್ಮೆ ನೆಕ್ಕುತ್ತಿತ್ತು. ಕೆಚ್ಚಲು ಕಲ್ಲಂಗಡಿಯಂತೆ ಬಿಗಿದಿತ್ತು.

"ಮುಂಜಾನೆ ಹಿಂಡಿಲ್ಲ ಹೌದಲ್ಲ?" ಅಂದೆ.

"ಇಲ್ರಿ ಅವ್ವಾರ. ಸಂತಿಗೆ ತರುವಾಗ ಯಾರ್ ಹಿಂಡತಾರ? ಎಲ್ಲಾರೂ ತುಂಬಿಸಿಕೊಂಡ ಬರ್ತಾರ, ನೋಡೋರು ಅರ್ಧ ಕಳೆದ ನೋಡ್ತಾರ. ನಾ ಒಬ್ಬಾಕಿ ಹಿಂಡಿ ತಂದೆ ಅಂದ್ರ ನಂದರಾಗೂ ಅರ್ಧ ಕಳೀತೀರಿ. ಹಂಗ ಮಾಡಿದ್ರ ನಾನ ಹುಚ್ಚಿ."

ಖರೆ ಹೇಳಿದಳು. ಹೊತ್ತಿಗೆ ಎಷ್ಟು ಹಾಲು ಅಂದೆ. ಮುಂಜಾನೆ ಮೂರು ಲೀಟರ್ ಅಂದಳು. ಅರ್ಧ ಕಳೆದು ನೋಡಿದೆ, ಒಂದೂವರೆ. ಆಮೇಲೆ ಕೇಳಿದೆ, "ಚಲೋ ಎಮ್ಮಿ ಅಂತಿ, ಮತ್ತ ಯಾಕ ಮಾರತಿ? ಅದೂ ನಿಮ್ಮ ಕಡೆ ಸಂತಿ ಬಿಟ್ಟು ಇಲ್ಲಿತನಕ?"

"ನಮ್ಮ ಕಡೆ ನನ್ನ ಗರಜು ಎಲ್ಲಾರಿಗೂ ಗೊತ್ತೈತ್ರಿ. ಗರಜು ಗೊತ್ತಾದ್ರ ದರ ಬೀಳತೈತಿ. ಇಲ್ಲಿ ನಾ ಯಾರಿಗೂ ಗೊತ್ತಿಲ್ಲ" ಅಂದಳು. ಯಾವ ಗರಜು ಅಂತ ಹೇಳಲಿಲ್ಲ. ನನಗಾದರೂ ಯಾಕೆ ಹೇಳಬೇಕು? ಕೊಳ್ಳುವವಳು ನಾನೇ ಅಲ್ಲವೆ.

ಅಷ್ಟರಲ್ಲಿ ಸವಣೂರಿನ ಒಬ್ಬ ದಲಾಲಿ ಬಂದ. ಬಿಳಿ ಗಡ್ಡ, ಬಾಯಲ್ಲಿ ಎಲೆ, ನಗುಮುಖ. ನಾನು ಕೈ ಮುಂದೆ ಮಾಡಿದೆ, "ಹಿಡಿಯಪ್ಪಾ, ಟವೆಲ್ ಹಾಕು." ಅವನು ಎರಡು ಹೆಜ್ಜೆ ಹಿಂದೆ ಸರಿದ.

"ತೋಬಾ ತೋಬಾ! ಅವ್ವಾ, ನಿಮ್ಮ ಕೈ ಹಿಡದ್ನಿ ಅಂತ ನಮ್ಮ ಮನ್ಯಾಕಿಗೆ ಗೊತ್ತಾದ್ರ ಬಾಗ್ಲಾನ ತೆಗ್ಯಂಗಿಲ್ಲ."

"ನನಗ ಎಪ್ಪತ್ತು ಹತ್ರ ಬಂತಲ್ಲೋ ಯಪ್ಪಾ!"

"ಆಕಿ ವಯಸ್ಸು ಕೇಳಂಗಿಲ್ಲ ಅವ್ವಾ, ಬಡಿಯಾಕ ಹತ್ತತಾಳ."

ಸುತ್ತ ನಿಂತವರು ನಕ್ಕರು. ಕಡೆಗೆ ಅವನೇ ದಾರಿ ಹೇಳಿದ: ಇಬ್ಬರೂ ಹೆಂಗಸರೇ, ನೀವೇ ಸೆರಗಿನ ಕೆಳಗೆ ಮಾಡಿಕೊಳ್ಳಿ. ಒಂದು ಬೆರಳು ಹಿಡಿದರೆ ಹತ್ತು ಸಾವಿರ, ಗೆಣ್ಣು ಒತ್ತಿದರೆ ಒಂದೊಂದು ಸಾವಿರ. ತನ್ನ ಬೆರಳುಗಳನ್ನೇ ಒತ್ತಿ ತೋರಿಸಿದ. ನನ್ನ ಸೆರಗು ಹಾಸಿದೆ. ಒಳಗೆ ಕೈ ಹಾಕಿದಾಗ, ನಾಚಿಕೆ ಇಲ್ಲದೆ ಹೇಳುತ್ತೇನೆ, ಮೈ ಜುಮ್ಮೆಂದಿತು. ಇಷ್ಟು ವರ್ಷ ಮುಚ್ಚಿದ್ದ ಜಾಗಕ್ಕೆ ನನ್ನ ಕೈ ಹೋಗಿತ್ತು. ಮೇಲೆ ನಾವೂ ಗಂಡಸರ ಹಾಗೆ ಮಳೆಯ ಮಾತಾಡಿದೆವು. ಕೆಳಗೆ ಹಿಡಿದೆವು, ಬಿಟ್ಟೆವು, ಒತ್ತಿದೆವು. ಕಡೆಗೆ ಆಕೆ "ಆತ್ರಿ" ಅಂದಳು, ನಾನೂ "ಆತವ್ವ" ಅಂದೆ. ದಲಾಲಿ ಇಬ್ಬರ ಹತ್ತಿರವೂ ಕಿವಿ ತಂದು ಕೇಳಿ ಹಣೆ ಬಡಿದುಕೊಂಡ.

"ಯಾವ ಖುಶಿಗೆ ಆತ್ರಿ ಆತ್ರಿ ಅಂದ್ರಿ? ಇವ್ರದು ಒಂದು, ನಿಮ್ಮದೊಂದು!"

ನನ್ನ ಬೆರಳುಗಳು ವಾತಕ್ಕೆ ಡೊಂಕಾಗಿವೆ. ನಾಲ್ಕು ಹಿಡಿದೆ ಅಂದುಕೊಂಡದ್ದು ಆಕೆಗೆ ಐದು ಹಿಡಿದಂತಾಗಿತ್ತು. ನನಗೆ ಸಿಟ್ಟು ಬಂತು, ದರ ಬಾಯಲ್ಲೇ ಒದರಿದೆ. "ನಲವತ್ತೆರಡು! ನಾ ಕೊಟ್ಟಿದ್ದು ನಲವತ್ತೆರಡು!" ಆಕೆಯೂ ಬಿಡಲಿಲ್ಲ, "ಐವತ್ತೆರಡು ಅಂದೀರಿ!" ಅಂತ ಕೂಗಿದಳು.

ಇಡೀ ದನದ ಸಂತೆಗೆ ಕೇಳಿಸಿತು. ಪಕ್ಕದಲ್ಲಿ ಎತ್ತಿನ ಬಾಲ ತಿರುವುತ್ತ ನಿಂತಿದ್ದ ಒಬ್ಬ ವ್ಯಾಪಾರಿ ತಿರುಗಿ ನೋಡಿದ, ಎಮ್ಮೆಯ ಸುತ್ತ ಒಂದು ಸುತ್ತು ಹಾಕಿದ. "ತಂಗಿ, ನಾ ನಲವತ್ತಾರು ಕೊಡ್ತೇನಿ. ರೊಕ್ಕ ಈಗಿಂದೀಗ."

ದರ ಯಾಕೆ ಮುಚ್ಚಿಡುತ್ತಾರೆ ಎಂದು ನನಗೆ ಆಗ ತಿಳಿಯಿತು. ಮೊಮ್ಮಗಳನ್ನು ದುರುಗುಟ್ಟಿ ನೋಡಿದೆ. "ದರ ಎಲ್ಲಾರಿಗೂ ಗೊತ್ತಾತ. ಸಂತಿ ಚಲೋ ನಡೀತೇನ?"

"ಮಾರೋರಿಗೆ ಚಲೋ ಆತಲ್ಲ ಆಯಿ" ಅಂದಳು. ಅದೂ ಖರೆಯೇ. ನಾನು ಕೊಳ್ಳುವ ಮಗ್ಗುಲಿಂದ ಅಷ್ಟೇ ನೋಡಿದ್ದೆ.

ಎಮ್ಮೆ ಕೈತಪ್ಪಿ ಹೋಗುತ್ತಿತ್ತು. ಸುತ್ತ ನೋಡಿದೆ, ಉಳಿದ ಎಮ್ಮೆಗಳು ನನ್ನ ಮನಸ್ಸಿಗೆ ಬರಲಿಲ್ಲ. ಇದು ಮೂರು ಲೀಟರಿನದಾದರೆ ವ್ಯಾಪಾರಿಯ ದರ ಹೆಚ್ಚೇನಲ್ಲ. ಒಂದೂವರೆಯದಾದರೆ ನನ್ನ ದರವೇ ದಂಡ. ಅದು ಗೊತ್ತಿದ್ದವಳು ಆಕೆ ಒಬ್ಬಳೇ. ಅವಳ ಬಾಯಿ ಬಿಡಿಸುವುದು ಹೇಗೆ?

"ತಂಗಿ, ಕೇಳು," ಅಂದೆ. "ನನ್ನ ಕೂಡ ಶಿಗ್ಗಾಂವಕ್ಕ ಬಾ. ನಾಳೆ ಮುಂಜಾನೆ ಹಿಂಡೂಣು. ಮೂರು ಲೀಟರ್ ಬಂದ್ರ ಇವನಕಿಂತ ಒಂದು ಸಾವಿರ ಜಾಸ್ತಿ, ನಲವತ್ತೇಳು. ಬರದಿದ್ರ ನಲವತ್ತೆರಡು. ನಿನ್ನ ಎಮ್ಮಿ ಮ್ಯಾಲ ನಿನಗ ಭರೋಸಾ ಇದ್ರ ಬಾ. ಇಲ್ಲಾಂದ್ರ ಇವನ ರೊಕ್ಕ ತಗೊಂಡ ಹೋಗು."

ಮೊಮ್ಮಗಳು ನನ್ನ ರಟ್ಟೆ ಚಿವುಟಿದಳು. ಏನೋ ಪಾಠ ನೆನಪಾಗಿರಬೇಕು, ಕಣ್ಣು ಹೊಳೆಯುತ್ತಿದ್ದವು. ವ್ಯಾಪಾರಿ ನಕ್ಕ, "ನನಗ ಹಾಲಿನ ಉಸಾಬರಿ ಬ್ಯಾಡವ್ವ. ಮುಂದಿನ ಸಂತ್ಯಾಗ ಇದನ್ನ ಮಾರಾಕ ನಾ ಇದರ ಹಾಲು ಕುಡದ ನೋಡಬೇಕಾಗಿಲ್ಲ."

ಆಕೆ ರೊಕ್ಕದ ಕಡೆ ನೋಡಿದಳು, ಎಮ್ಮೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಹಿಂಡೋರು ಯಾರು?"

ನನಗೆ ಧೈರ್ಯ ಬಂದದ್ದು ಈ ಪ್ರಶ್ನೆಯಿಂದ. ನಾನು ಹಿಂಡಿದರೆ ಬೇಕಂತಲೇ ಕೆಚ್ಚಲಲ್ಲಿ ಹಾಲು ಉಳಿಸಬಹುದು, ಮೂರನ್ನು ಎರಡೂವರೆ ಮಾಡಬಹುದು. ಮೋಸ ಮಾಡುವ ದಾರಿ ನನಗೂ ಇತ್ತು, ನಾನೇ ಅದನ್ನು ಯೋಚಿಸಿರಲಿಲ್ಲ. ಆಕೆ ಯೋಚಿಸಿದ್ದಳು. ಮೂರು ಬರುವುದಿಲ್ಲ ಅಂತ ಗೊತ್ತಿದ್ದವಳು ಹಿಂಡುವ ಕೈಯ ಚಿಂತೆ ಮಾಡುವುದಿಲ್ಲ.

"ನೀನ ಹಿಂಡು. ಅಳತಿ ನಾ ಹಿಡೀತೇನಿ" ಅಂದೆ.

ದಲಾಲಿ ತನ್ನ ಪಾಲಿನ ರೊಕ್ಕ ಇಸಕೊಂಡು, "ನಾ ಇಷ್ಟ ವರ್ಷದಾಗ ಇಂಥಾ ವ್ಯಾಪಾರ ನೋಡಿಲ್ಲವ್ವ" ಅಂತ ಟೆಂಪೋ ಗೊತ್ತುಮಾಡಿಕೊಟ್ಟ. ಹೊತ್ತು ಮುಳುಗುವ ಮೊದಲು ಮನೆ ಮುಟ್ಟಿದೆವು. ಸಂಜೆ ಆಕೆ ಹಿಂಡಿದಳು. ಪಾತ್ರೆ ತುಂಬ ಹಾಲು ಬಂತು, ಆದರೆ ಅದು ತುಂಬಿಸಿಟ್ಟ ಹಾಲು, ನಾವಿಬ್ಬರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಆಕೆ ಎರಡನೆಯ ರೊಟ್ಟಿ ಮುರಿಯುವಾಗ ಮತ್ತೆ ಕೇಳಿದೆ, "ಈಗರ ಹೇಳು. ಚಲೋ ಎಮ್ಮಿ ಯಾಕ ಮಾರಿದಿ?"

"ನಮ್ಮ ಊರಾಗ ಕೆರಿ ನೀರ್ರಿ. ನಾಟಿ ಕೆಲಸ ಶುರುವಾದ್ರ ಕೂಲಿಗೆ ಕರೆಯಾಕ ಬಾಗಿಲಿಗೆ ಬರ್ತಾರ. ನಾ ನಾಟಿ ಹಚ್ಚೂದ್ರಾಗ ಇಬ್ಬರಷ್ಟ ಮಾಡ್ತೇನಿ. ಈ ಎಮ್ಮಿ ಮೇವು, ನೀರು, ಹಿಂಡೂದು ಅಂತ ಮನ್ಯಾಗ ನಿಂತ್ರ ಅದು ಹೋಗತೈತಿ. ಹಾಲಿನಕಿಂತ ಹೋಗೂ ಕೂಲಿನ ಜಾಸ್ತಿ. ಎಮ್ಮಿ ಚಲೋ ಐತ್ರಿ. ನನಗ ಅಷ್ಟ ತುಟ್ಟಿ ಬೀಳತೈತಿ."

ಹುಡುಗಿ ಗಂಗಾಳ ಬಿಟ್ಟು ಎದ್ದುನಿಂತಳು. "ಅವಕಾಶ ವೆಚ್ಚ! ಆಯಿ, ಇದ ನೋಡು ಅವಕಾಶ ವೆಚ್ಚ!"

"ಕುಂತ ಉಣ್ಣ" ಅಂದೆ.

ಆದರೆ ನನ್ನ ಕೈಯೂ ನಿಂತಿತ್ತು. ನಾನು ನಾಟಿಗೆ ಬಗ್ಗಿದರೆ ಏಳಲಾರೆ, ನನ್ನನ್ನು ಯಾರೂ ಕೂಲಿಗೆ ಕರೆಯುವುದಿಲ್ಲ. ಎಮ್ಮೆಯ ಹತ್ತಿರ ದಿನವೆಲ್ಲ ಕೂತರೂ ನಾನು ಕಳೆದುಕೊಳ್ಳುವುದು ಏನೂ ಇಲ್ಲ. ಅದೇ ಎಮ್ಮೆ ಮಾಸೂರಿನಲ್ಲಿ ತುಟ್ಟಿ, ನನ್ನ ದನದ ದಡ್ಡಿಯಲ್ಲಿ ಅಗ್ಗ. ಮಾರಬೇಕಾದರೆ ಐಬು ಇರಲೇಬೇಕು ಅಂತ ಅಷ್ಟು ದಿನ ನಂಬಿದ್ದೆ. ಐಬು ಇಲ್ಲದೆಯೂ ಮಾರಬಹುದು ಅಂತಾಯಿತು. ಆದರೂ ಅದು ಆಕೆಯ ಮಾತು ಅಷ್ಟೆ. ಮಾತಿನಿಂದ ಅಳತೆ ತುಂಬುವುದಿಲ್ಲ.

ಮರುದಿನ ಬೆಳಗಾದ ಕೂಡಲೆ ಮೂವರೂ ದಡ್ಡಿಗೆ ಹೋದೆವು. ಆಕೆ ಕರು ಬಿಟ್ಟಳು, ಎಮ್ಮೆ ಸೊರೆ ಬಿಟ್ಟು ಹಾಲಿಳಿಸಿತು, ಕರು ಎಳೆದು ಕಟ್ಟಿ ಹಿಂಡತೊಡಗಿದಳು. ನಾನು ಲೀಟರಿನ ಅಳತೆ ಹಿಡಿದು ಕೂತೆ. ಒಂದು ತುಂಬಿತು. ಎರಡು ತುಂಬಿತು. ಮೂರನೆಯದು ತುಂಬಲು ಮೇಲೆ ನಾಲ್ಕು ಬೆರಳು ಉಳಿದಾಗ ಆಕೆ ಎದ್ದುಬಿಟ್ಟಳು.

"ಆತ್ರಿ."

"ಎಲ್ಲಿ ಆತು? ಕಡಿಮಿ ಐತಿ."

"ನೊರಿ ಹಿಡೀರಿ, ಮೂರು ಆಕ್ಕೈತಿ."

"ನೊರಿ ನಾ ಮಾರಂಗಿಲ್ಲವ್ವ."

ಮೊಮ್ಮಗಳು ನಡುವೆ ಬಾಯಿ ಹಾಕಿದಳು, "ಕರಾರು ಅಂದ್ರ ಕರಾರು. ಮೂರು ಅಂದ್ರ ಮೂರು." ಆಕೆಯ ಮುಖ ಸಪ್ಪಗಾಯಿತು. ಐದು ಸಾವಿರದ ಮಾತು. ಕರುವಿನ ಹಗ್ಗಕ್ಕೆ ಕೈ ಹಾಕಿದಳು. ಆಗ ನಾನು ಕೆಚ್ಚಲು ನೋಡಿದೆ. ಮೂರು ಮೊಲೆ ಜೋತಿದ್ದವು. ಹಿಂದಿನದೊಂದು ಬಿಗಿದೇ ಇತ್ತು.

"ಅದನ್ನ ಯಾಕ ಬಿಟ್ಟಿ?"

"ಅದು ಕರದ್ದು ಅಲ್ಲೇನ್ರಿ?" ಅಂದಳು, ಇದೂ ಕೇಳುವ ಮಾತೇ ಎನ್ನುವ ಹಾಗೆ. "ಒಂದು ಮೊಲಿ ಕರಕ್ಕ ಬಿಡೂದು ನಮ್ಮ ಮನಿ ಪದ್ಧತಿ. ಅತ್ತಿ ಕಾಲದಿಂದ. ಕೈ ತನಗ ತಾನ ನಿಲ್ಲತೈತಿ."

ಐದು ಸಾವಿರ ಹೋಗುವಾಗಲೂ ಅವಳ ಕೈ ಆ ಮೊಲೆಗೆ ಹೋಗಿರಲಿಲ್ಲ. ನಾನು ಅವಳನ್ನು ಸರಿಸಿ ಕೂತೆ. ಹೊಸ ಕೈ, ಎಮ್ಮೆ ಹಿಂಗಾಲು ಎತ್ತಿತು. ಆಕೆ ಅದರ ಬೆನ್ನ ಮೇಲೆ ಕೈಯಿಟ್ಟು "ಹೋ, ಹೋ" ಅಂದಳು. ಕಾಲು ಇಳಿಸಿತು. ನನ್ನ ಡೊಂಕು ಬೆರಳಿಗೂ ಹಾಲು ಬಿಟ್ಟಿತು. ಅಳತೆ ತುಂಬಿ ನನ್ನ ಮೊಣಕಾಲ ಮೇಲೆ ಚೆಲ್ಲಿತು. ಅಲ್ಲಿಗೇ ಕೈ ತೆಗೆದು, ಉಳಿದದ್ದನ್ನು ಕರುವಿಗೆ ಬಿಟ್ಟೆ.

"ದಿನಾ ಕರದ ಪಾಲು ಕಳದ್ರ ಮೂರು ಬರಂಗಿಲ್ಲ" ಅಂದೆ. "ಐನೂರು ಬಿಡು."

"ಎಮ್ಮಿ ಬಿಚ್ಚಿಕೊಂಡ ಹೋಗಲೇನ್ರಿ?"

ನಲವತ್ತೇಳು ಕೊಟ್ಟೆ. ಆಕೆ ಬೆರಳಿಗೆ ಉಗುಳು ಹಚ್ಚಿ ಎಣಿಸಿಕೊಂಡಳು, ತನ್ನ ಹಗ್ಗ ಬಿಚ್ಚಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಎಮ್ಮೆ ಮಾರಿದವರು ಹಗ್ಗ ಕೊಡುವುದಿಲ್ಲ. ನಾನು ನನ್ನ ಹಗ್ಗ ಕಟ್ಟಿ, ಕ್ಯಾನಿಗೆ ಹಾಲು ಸುರುವಿ, ಆಕೆಯನ್ನು ಬಸ್ ಸ್ಟ್ಯಾಂಡಿನತನಕ ಬಿಟ್ಟು, ಚಹಾದಂಗಡಿಗೆ ಹೋಗಿ ಕ್ಯಾನು ಅವನ ಒಲೆಯ ಪಕ್ಕ ಕುಕ್ಕಿದೆ. "ಅಮಾಸಿ ಇನ್ನೂ ಬಂದಿಲ್ಲಲ್ಲೋ?" ಅಂದೆ. ಅವನು ಮುಚ್ಚಳ ತೆಗೆದು ಮೂಸಿ ನೋಡಿ, ಚಹಾದ ಪಾತ್ರೆಗೆ ಸುರುವಿಕೊಂಡ.